ತಿಂಡಿ ಟೀವಿಯ ಸಿಸ್ಟರ್

ಹೋದ ತಿಂಗಳು ಬ್ಯಾಂಕಿನ ಕೆಲಸಕ್ಕೆಂದು ಬಂಗಾರಪೇಟೆಗೆ ಹೋಗಿದ್ದೆ. ಪಾಸ್‌ಪೋರ್ಟ್ ಸೈಜಿನ ಫೋಟೊ ಕೇಳಿದರು. ಸ್ಟೇಷನ್ನಿನ ಹತ್ತಿರ ಒಂದು ಹಳೆಯ ಸ್ಟುಡಿಯೊ ಕಂಡಿತು, ಒಳಗೆ ಹೋದೆ. ವಯಸ್ಸಾದ ಫೋಟೊಗ್ರಾಫರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, "ಒಸ ಲೈಟು ಕೆಟ್ಟೋಗೈತೆ ಕಣಮ್ಮ, ಅಳೇದೇ ಆಕ್ತೀನಿ" ಎಂದು ಮೂಲೆಯಲ್ಲಿದ್ದ ದೊಡ್ಡ ಹ್ಯಾಲೊಜನ್ ದೀಪ ಹೊತ್ತಿಸಿದರು. ಅದು ಉರಿದು ಎಷ್ಟು ತಿಂಗಳಾಗಿತ್ತೋ, ಗಾಜಿನ ಮೇಲೆ ಕೂತ ದೂಳು ಸುಟ್ಟು ಕಮಟು ವಾಸನೆ ಎದ್ದಿತು.

ಅಷ್ಟೇ. ಎರಡೂ ಕಾಲನ್ನು ನೆಲಕ್ಕೆ ಒತ್ತಿ ಹಿಡಿದು, ನೆಲ ಈಗ ಅಲುಗುತ್ತದೆ, ಈಗ ಅಲುಗುತ್ತದೆ ಎಂದು ಕಾಯತೊಡಗಿದೆ.

"ಉಸ್ರು ಬಿಡಮ್ಮ, ಎದ್ರುಕೊಂಡಂಗೆ ಬತ್ತಾ ಇದ್ದೀಯ" ಅಂದರು ಅವರು. ಎರಡು ಸಲ ತೆಗೆದರು. ಎರಡರಲ್ಲೂ ಹಾಗೇ ಬಂದೆ.

ಆ ವಾಸನೆ ನನ್ನ ಮೂಗಿನಲ್ಲಿ ಕೂತದ್ದು ಇಪ್ಪತ್ತು ವರ್ಷದ ಹಿಂದೆ, ಕೆಜಿಎಫ್‌ನಲ್ಲಿ. ದಿನಾ ಬೆಳಿಗ್ಗೆ ಆರೂವರೆಗೆ ಅಂಥವೇ ಎರಡು ದೀಪ ನನ್ನ ಮುಖದ ಮುಂದೆ ಹೊತ್ತುತ್ತಿದ್ದವು. ಪಕ್ಕದ ಕುರ್ಚಿಯಲ್ಲಿ ಸಿಸ್ಟರ್ ಕೂತಿರುತ್ತಿದ್ದರು. ಅವರು ಗಣಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಗಣಿ ಮುಚ್ಚಿ ಕೆಲಸ ಹೋದ ಮೇಲೂ ಊರು ಅವರನ್ನು ಸಿಸ್ಟರ್ ಎಂದೇ ಕರೆಯಿತು, ನಾನೂ ಹಾಗೇ ಕರೆದೆ. ಸಣ್ಣ ಮೈ, ಹಿಂದಕ್ಕೆ ಬಿಗಿಯಾಗಿ ಎಳೆದು ಕಟ್ಟಿದ ಕೂದಲು, ಇಸ್ತ್ರಿ ಮಾಡಿದ ಹತ್ತಿ ಸೀರೆ. ಆಗ ಅವರಿಗೆ ಐವತ್ತು ದಾಟಿತ್ತು.

ನಮ್ಮ ಚಾನೆಲ್ಲಿನ ಕತೆ ಹೇಳದೆ ಅವರ ಕತೆ ಹೇಳಲು ಬರುವುದಿಲ್ಲ.

ಕೇಬಲ್ ನಡೆಸುತ್ತಿದ್ದವನನ್ನು ನಾವೆಲ್ಲ ಓನರಣ್ಣ ಅನ್ನುತ್ತಿದ್ದೆವು. ಬಂಗಾರಪೇಟೆ ಕಡೆಯ ಹಳ್ಳಿಯವನು. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಪಕ್ಕ ಒಂದು ಪಾತ್ರೆ ಅಂಗಡಿಯ ಮಹಡಿಯಲ್ಲಿ ಎರಡು ಕೋಣೆ ಹಿಡಿದು, ಅಲ್ಲಿಂದ ಚಾಂಪಿಯನ್ ರೀಫ್ಸಿನ ಗಣಿ ಕಾರ್ಮಿಕರ ಲೈನ್ ಮನೆಗಳವರೆಗೂ ವೈರು ಎಳೆದಿದ್ದ. ಬೆಳಿಗ್ಗೆ ದೇವರ ಹಾಡಿನ ಕ್ಯಾಸೆಟ್ಟು, ರಾತ್ರಿ ಒಂದು ಸಿನಿಮಾ. ಒಂದು ಬೆಳಿಗ್ಗೆ ಕ್ಯಾಸೆಟ್ಟು ಸಿಕ್ಕಿಹಾಕಿಕೊಂಡಿತಂತೆ. ಪರದೆ ಖಾಲಿ ಬಿಟ್ಟರೆ ಜನ ಬೈಯುತ್ತಾರೆಂದು ಅವನೇ ಮದುವೆ ವಿಡಿಯೊ ತೆಗೆಯುವ ಕ್ಯಾಮೆರಾದ ಮುಂದೆ ಕೂತು, "ಇವತ್ತು ನೀರು ಬರಲ್ಲ, ಮೋಟ್ರು ಕೆಟ್ಟೈತೆ, ನಾಳೆ ಬತ್ತದೆ" ಎಂದು ಹೇಳಿ ಎದ್ದುಹೋದ. ಮಾರನೇ ದಿನ ಹಾಡು ಸರಿಯಾಗಿಯೇ ಬಂತು. ಆದರೆ ಅಂಗಡಿ ಮುಂದೆ ನಾಲ್ಕು ಜನ ನಿಂತಿದ್ದರು. "ನಿನ್ನೆ ಬಂದಿದ್ದೆ, ಇವತ್ಯಾಕೆ ಬರ್ಲಿಲ್ಲ? ನೀರು ಬತ್ತದೋ ಇಲ್ವೋ?"

ಹಾಗೆ ಶುರುವಾಯಿತು. ಆರೂವರೆಯಿಂದ ಎಂಟೂವರೆ. ಯಾವ ಲೈನಿಗೆ ನೀರು, ಎಲ್ಲಿ ಕರೆಂಟು ಕಟ್ಟು, ಯಾರ ಮಗುವಿನ ಹುಟ್ಟುಹಬ್ಬ, ಯಾರ ಮನೆಯಲ್ಲಿ ಸಾವು. ಬಂಗಾರಪೇಟೆ ಸ್ಟೇಷನ್ನಿನ ಟೀ ಅಂಗಡಿಯವರೊಬ್ಬರು ಫೋನ್ ಮಾಡಿ ಬೆಂಗಳೂರಿನ ಗಾಡಿ ಎಷ್ಟು ತಡ ಎಂದು ಹೇಳುತ್ತಿದ್ದರು. ಕೆಲಸಕ್ಕೆ ಹೋಗುವವರು ಅದನ್ನು ಕೇಳಿಕೊಂಡೇ ಮನೆ ಬಿಡುತ್ತಿದ್ದರು. ಕೊನೆಗೆ ಹತ್ತು ನಿಮಿಷ ಒಂದು ತಿಂಡಿ ಮಾಡುವ ಬಗೆ. ತಮಿಳು, ತೆಲುಗು, ಕನ್ನಡ ಮೂರೂ ಕಲಸಿ ಹೋಗುತ್ತಿತ್ತು. ಚಾನೆಲ್ಲಿಗೆ ಒಂದು ಹೆಸರು ಇತ್ತು, ಯಾರೂ ಆ ಹೆಸರಿನಿಂದ ಕರೆಯಲಿಲ್ಲ. ಎಲ್ಲರಿಗೂ ಅದು ತಿಂಡಿ ಟೀವಿ.

ಸಿಸ್ಟರ್ ಅಲ್ಲಿಗೆ ಬಂದದ್ದು ಜಗಳಕ್ಕೆ. ಒಂದು ಬೆಳಿಗ್ಗೆ ಓನರಣ್ಣ ಸಾವಿನ ಸುದ್ದಿ ಓದುವಾಗ ಸತ್ತವನ ಹೆಸರಿನ ಬದಲು ಅವನ ಅಣ್ಣನ ಹೆಸರು ಓದಿಬಿಟ್ಟ. ಅಣ್ಣ ಬೆಂಗಳೂರಿಗೆ ಹೋಗಿದ್ದ. ಮನೆಯಲ್ಲಿ ಹೆಂಡತಿ ಎದೆ ಬಡಿದುಕೊಂಡು ಬಿದ್ದಳು. ಆಕೆಯನ್ನು ಎಬ್ಬಿಸಿ ನೀರು ಕುಡಿಸಿದ್ದು ಪಕ್ಕದ ಮನೆಯಲ್ಲಿದ್ದ ಸಿಸ್ಟರ್. ಅಲ್ಲಿಂದ ನೇರ ಬಂದು ಮಹಡಿ ಹತ್ತಿ, ಕ್ಯಾಮೆರಾ ನಡೆಯುತ್ತಿರುವಾಗಲೇ ಅವನ ಕೈಯಿಂದ ಕಾಗದ ಕಿತ್ತುಕೊಂಡು, ಸರಿಯಾದ ಹೆಸರು, ಬೀದಿ, ಹೆಣ ಎತ್ತುವ ಹೊತ್ತು ಎಲ್ಲ ಓದಿ, "ತಪ್ಪಾಯ್ತು ಅಂತ ಹೇಳು" ಅಂದರಂತೆ. ಅವನು ಹೇಳಿದ. ಮಾರನೇ ದಿನದಿಂದ ಅವರೇ ಓದಿದರು. ಯಾರಾದರೂ ಸುದ್ದಿ ತಂದರೆ ಅವರದು ಎರಡೇ ಪ್ರಶ್ನೆ. "ಯಾರು ಹೇಳಿದ್ದು? ನೀವೇ ನೋಡಿದ್ರಾ?"

ನಾನು ಹಾವೇರಿ ಕಡೆಯವಳು. ಗಂಡನಿಗೆ ಇಲ್ಲಿ ಫ್ಯಾಕ್ಟರಿಯಲ್ಲಿ ಕೆಲಸ, ಕ್ವಾರ್ಟರ್ಸಿನಲ್ಲಿ ಮನೆ, ಆರು ವರ್ಷದ ಮಗಳು. ಕನ್ನಡದಲ್ಲಿ ತಡವರಿಸದೆ ಓದುವವರು ಬೇಕು ಎಂದು ಪರದೆಯ ಮೇಲೆ ಬಂದದ್ದು ನೋಡಿ ಹೋದೆ, ಸಿಕ್ಕಿತು. ಮೊದಲ ದಿನ ದೀಪ ಹೊತ್ತಿದ ಕೂಡಲೇ ಒಂದು ಮಾತೂ ಹೊರಡಲಿಲ್ಲ. ಸಿಸ್ಟರ್ ಮೇಜಿನ ಕೆಳಗಿಂದ ನನ್ನ ಮಂಡಿ ತಟ್ಟಿದರು. ಆಮೇಲೆ, ತಮಿಳರು ಮುದ್ದಿನಿಂದ ಕರೆಯುವಂತೆ ನನ್ನನ್ನು ಕಣ್ಣು ಎಂದು ಕರೆದು ಹೇಳಿದರು, "ಊರಿಗೆಲ್ಲ ಮಾತಾಡ್ತೀನಿ ಅಂದ್ಕೋಬೇಡ ಕಣ್ಣು. ಒಬ್ಬರನ್ನ ನೆನೆಸ್ಕೋ. ಒಲೆ ಮುಂದೆ ನಿಂತಿರೋ ಒಬ್ಬರು. ಅವರ ಹತ್ರ ಮಾತಾಡು." ನಾನು ಮಗಳನ್ನು ನೆನೆಸಿಕೊಂಡೆ. ಗಂಡನಿಗೆ ಮೊದಲ ಪಾಳಿ ಇದ್ದ ವಾರ ಅವಳು ಒಬ್ಬಳೇ ಮಲಗಿರುತ್ತಿದ್ದಳು. ಟೀವಿ ಹಾಕಿಟ್ಟು, ಬಾಗಿಲು ಮುಂದಕ್ಕೆಳೆದು ಬರುತ್ತಿದ್ದೆ. ಏಳೂವರೆಗೆ ಪಕ್ಕದ ಮನೆಯಾಕೆ ಬಂದು ನೋಡುತ್ತಿದ್ದಳು. ಇದು ಸಿಸ್ಟರಿಗೆ ಗೊತ್ತಿತ್ತು.

ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಕಡಿಮೆ. ಗಂಡ ಗಣಿಯಲ್ಲಿ ಇಳಿದವರು, ಆಳದಲ್ಲಿ ಬಂಡೆ ಸಿಡಿದು ಹೋದರು ಎಂದು ಬೇರೆಯವರು ಹೇಳಿದ್ದರು. ಆ ಬೆಳಿಗ್ಗೆ ಇವರು ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದರಂತೆ. ನೆಲ ನಡುಗಿದ್ದು ಇವರಿಗೂ ಗೊತ್ತಾಗಿತ್ತಂತೆ... ಅವರಾಗಿ ಒಮ್ಮೆಯೂ ಆ ಮಾತು ಎತ್ತಲಿಲ್ಲ. ಆದರೆ ಕೆಳಗಿನ ರಸ್ತೆಯಲ್ಲಿ ಭಾರದ ಲಾರಿ ಹೋಗಿ ಅಂಗಡಿಯ ಸ್ಟೀಲು ಪಾತ್ರೆಗಳು ಸಣ್ಣಗೆ ಕಿಣಿಗುಟ್ಟಿದರೆ ಸಾಕು, ಓದುತ್ತಿದ್ದವರು ಒಂದು ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರುತ್ತಿದ್ದರು. ಲಾರಿ ದೂರ ಹೋದ ಮೇಲೆ ಎತ್ತುತ್ತಿದ್ದರು.

ಗಣಿ ಮುಚ್ಚಿದ ಮೇಲೆ ಆಳದ ಸುರಂಗಗಳಲ್ಲಿ ನೀರು ತುಂಬುತ್ತಿದೆ, ಒಂದು ದಿನ ಊರೇ ಕುಸಿಯುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಆಗೊಮ್ಮೆ ಈಗೊಮ್ಮೆ ನೆಲ ಸಣ್ಣಗೆ ನಡುಗುವುದೂ ಇತ್ತು. ಹೊರಗಿನಿಂದ ಬಂದ ನಮಗೆ ಹೆದರಿಕೆ, ಅಲ್ಲಿಯೇ ಹುಟ್ಟಿದವರು ಕಾಫಿ ಲೋಟ ಹಿಡಿದುಕೊಂಡು ಸುಮ್ಮನಾಗುತ್ತಿದ್ದರು.

ಆ ಬೆಳಿಗ್ಗೆ ಯಾರೂ ಸುಮ್ಮನಾಗಲಿಲ್ಲ.

ಏಳು ಗಂಟೆ ದಾಟಿತ್ತು. ನಾನು ಗಾಡಿಯ ಹೊತ್ತು ಓದುತ್ತಿದ್ದೆ. ಮೊದಲು ಬಂದದ್ದು ಸದ್ದು, ನೆಲದ ಒಳಗಿನಿಂದ, ಯಾರೋ ದೊಡ್ಡ ಬಾಗಿಲನ್ನು ಒದ್ದ ಹಾಗೆ. ಮರುಕ್ಷಣವೇ ಕುರ್ಚಿ ನನ್ನನ್ನು ಹಿಡಿದು ಕುಲುಕಿತು. ಕೆಳಗೆ ಅಂಗಡಿಯಲ್ಲಿ ಅಟ್ಟದ ಪಾತ್ರೆಗಳೆಲ್ಲ ಒಟ್ಟಿಗೆ ಉರುಳಿದವು. ಆ ಸದ್ದು ನಿಲ್ಲುತ್ತಲೇ ಇರಲಿಲ್ಲ, ಕೊಡ, ತಟ್ಟೆ, ಮುಚ್ಚಳ, ಒಂದರ ಮೇಲೊಂದು. ದೀಪ ಆರಿ, ಒಂದೆರಡು ಕ್ಷಣಕ್ಕೆ ಮತ್ತೆ ಹೊತ್ತಿದವು. ಗೋಡೆಯ ಗಾರೆ ನನ್ನ ಕಾಗದದ ಮೇಲೆ ಉದುರಿತ್ತು. ಕ್ಯಾಮೆರಾ ಹಿಡಿಯುತ್ತಿದ್ದ ಮದುವೆ ವಿಡಿಯೊದವರು ಅಷ್ಟರಲ್ಲಿ ಮೆಟ್ಟಿಲ ಮೇಲಿದ್ದರು. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಮಗಳು ಒಬ್ಬಳೇ ಮಲಗಿದ್ದಾಳೆ.

ಎದ್ದೆ. ಸಿಸ್ಟರ್ ಕಡೆ ನೋಡಿದೆನೋ ಇಲ್ಲವೋ... ನೋಡಿದೆ. ಎರಡೂ ಕೈಯನ್ನು ಮೇಜಿನ ಮೇಲೆ ಊರಿ ಕೂತಿದ್ದರು. "ಬರ್ರಿ ಸಿಸ್ಟರ್!" ಎಂದೆ. ಅವರು ನನ್ನತ್ತ ತಿರುಗಲಿಲ್ಲ. ನಾನು ಮತ್ತೆ ಕರೆಯಲಿಲ್ಲ. ಓಡಿದೆ.

ಬೀದಿಯಲ್ಲಿ ಚಪ್ಪಲಿ ಬಿಟ್ಟೇ ಜನ ನಿಂತಿದ್ದರು. ಆಟೊದವರು ಯಾರೂ ನಿಲ್ಲಿಸಲಿಲ್ಲ, ಎಲ್ಲರೂ ಅವರವರ ಮನೆಗೆ. ಕ್ವಾರ್ಟರ್ಸಿನವರೆಗೂ ಓಡಿದೆ, ನಡೆದೆ, ಮತ್ತೆ ಓಡಿದೆ. ಎದುರಿಗೆ ಬಟ್ಟೆ ಗಂಟು, ಮಕ್ಕಳು, ಮುದುಕರನ್ನು ಹೊತ್ತ ಸ್ಕೂಟರುಗಳು ಬಂಗಾರಪೇಟೆ ರಸ್ತೆಯ ಕಡೆ ಹೊರಟಿದ್ದವು. ಒಬ್ಬಾಕೆ ನನ್ನ ತೋಳು ಹಿಡಿದು ನಿಲ್ಲಿಸಿ, "ಅತ್ತ ಯಾಕೆ ಓಗ್ತೀಯಮ್ಮ? ಅತ್ತು ಗಂಟೆಗೆ ಇನ್ನೂ ದೊಡ್ಡದು ಬತ್ತದಂತೆ. ಊರೇ ಒಳೀಕೆ ಓಗ್ತದಂತೆ" ಅಂದಳು. ಕೈ ಕಿತ್ತುಕೊಂಡು ಓಡಿದೆ.

ಮನೆಯ ಬಾಗಿಲು ಹಾರು ಹೊಡೆದಿತ್ತು. ಒಳಗಿನಿಂದ ಸಿಸ್ಟರ್ ದನಿ ಕೇಳುತ್ತಿತ್ತು. ಹಾಸಿಗೆ ಖಾಲಿ. ಅಡುಗೆಮನೆ ಖಾಲಿ, ಬಚ್ಚಲು ಖಾಲಿ. ಮಂಚದ ಕೆಳಗೆ ಬಗ್ಗಿ ನೋಡಿದೆ. ಮಗಳ ಹೆಸರು ಕೂಗಿದರೆ ನನ್ನ ದನಿಯೇ ನನಗೆ ಬೇರೆಯವರದ್ದರಂತೆ ಕೇಳಿಸಿತು. ಪರದೆಯ ಮೇಲೆ ಸಿಸ್ಟರ್ ಒಬ್ಬರೇ ಇದ್ದರು, ಪಕ್ಕದಲ್ಲಿ ನನ್ನ ಖಾಲಿ ಕುರ್ಚಿ. ಕ್ಯಾಮೆರಾ ಹಿಡಿಯುವವರಿಲ್ಲದೆ ಸ್ವಲ್ಪ ವಾಲಿತ್ತು. "ಗ್ಯಾಸು ಆರಿಸಿ. ಮನೆಯಿಂದ ಆಚೆ ಬನ್ನಿ. ಬಯಲಲ್ಲಿ ನಿಂತ್ಕೊಳ್ಳಿ. ಹಳೇ ಗಣಿ ಶಾಫ್ಟಿನ ಬೇಲಿ ಹತ್ರ ಹೋಗ್ಬೇಡಿ" ಎಂದು ಮೂರು ಭಾಷೆಯಲ್ಲಿ ಹೇಳಿದ್ದನ್ನೇ ಹೇಳುತ್ತಿದ್ದರು. ನಾನು ಆ ಖಾಲಿ ಕೋಣೆಯಲ್ಲಿ ಎಷ್ಟು ಹೊತ್ತು ನಿಂತೆನೋ. ನನ್ನ ಜೀವನದಲ್ಲಿ ಅಷ್ಟು ಭಯವನ್ನು ಅದಕ್ಕೆ ಮುಂಚೆ ಪಟ್ಟಿಲ್ಲ, ಆಮೇಲೂ ಪಟ್ಟಿಲ್ಲ.

ಹಿಂದಿನ ಆಟದ ಬಯಲಿನಲ್ಲಿ ಕ್ವಾರ್ಟರ್ಸಿನವರೆಲ್ಲ ಸೇರಿದ್ದರು. ಅವರ ನಡುವೆ ಹೊದಿಕೆ ಹೊದ್ದುಕೊಂಡು ನನ್ನ ಮಗಳು ನಿಂತಿದ್ದಳು.

"ಅವ್ವಾ, ಟೀವಿ ಒಳಗ ಸಿಸ್ಟರಜ್ಜಿ ನನ್ನ ಹೆಸರು ಹಿಡದು ಕರದ್ರು" ಅಂದಳು. "ಪುಟ್ಟಿ, ಎದ್ದು ಚಪ್ಪಲಿ ಹಾಕ್ಕೊ, ಬಾಗಿಲು ತೆಗೆದು ಬಯಲಿಗೆ ಹೋಗು, ನಿಮ್ಮಮ್ಮ ಬರ್ತಾ ಇದ್ದಾಳೆ, ಅಂದ್ರು."

ಕಾಲಲ್ಲಿ ಚಪ್ಪಲಿ ಇತ್ತು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಅಲ್ಲೇ ಕೂತು ಅತ್ತೆ.

ಅತ್ತು ಮುಗಿದ ಮೇಲೆ ನಾನೂ ಹೊರಟೆ, ಊರು ಬಿಡಲು. ಗಂಡ ಫ್ಯಾಕ್ಟರಿಯಿಂದ ಬರುವತನಕ ಕಾಯುವ ಧೈರ್ಯ ಇರಲಿಲ್ಲ. ಪಕ್ಕದ ಮನೆಯಾಕೆಗೆ ಹೇಳಿ, ಮಗಳ ಕೈ ಹಿಡಿದು ರಾಬರ್ಟ್‌ಸನ್‌ಪೇಟೆ ಬಸ್‌ಸ್ಟ್ಯಾಂಡಿಗೆ ಬಂದೆ. ಬಂಗಾರಪೇಟೆ ಬಸ್ಸಿನ ಕಿಟಕಿಯಿಂದ ಮಕ್ಕಳನ್ನು ಒಳಗೆ ತೂರಿಸುತ್ತಿದ್ದರು. ಒಬ್ಬ ಮುದುಕರು ಬಿದ್ದು ಮೊಣಕೈಯಲ್ಲಿ ರಕ್ತ. ಗಂಟೆ ಎಂಟೂವರೆ ದಾಟಿತ್ತು. ನಮ್ಮ ಪ್ರಸಾರ ಎಂಟೂವರೆ ದಾಟಿ ಒಂದು ದಿನವೂ ಹೋದದ್ದಿಲ್ಲ. ಆದರೆ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲ್ಲಿನ ಟೀವಿಯಲ್ಲಿ ಸಿಸ್ಟರ್ ಇನ್ನೂ ಇದ್ದರು. ಒಳಗೆ ಯಾರೂ ತಿನ್ನುತ್ತಿರಲಿಲ್ಲ. ಎಲ್ಲರೂ ತಲೆ ಎತ್ತಿ ನೋಡುತ್ತಿದ್ದರು.

ಸಿಸ್ಟರ್ ಮುಂದಿನ ಮೇಜಿನ ಸ್ಪೀಕರ್ ಫೋನಿನಲ್ಲಿ ಒಬ್ಬ ಗಂಡಸು ಕೂಗುತ್ತಿದ್ದ. "ಹತ್ತು ಗಂಟೆಗೆ ದೊಡ್ಡದು ಬರುತ್ತಂತೆ ಸಿಸ್ಟರ್! ಟೀವಿಯಲ್ಲಿ ಹೇಳಿ, ಜನ ಊರು ಬಿಡ್ಲಿ!"

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಾ ಇದಾರೆ!"

"ಎಲ್ರೂ ಅಂದ್ರೆ ಯಾರಪ್ಪಾ? ಒಂದು ಹೆಸರು ಹೇಳು. ಅವರ ಹತ್ರ ನಾನು ಮಾತಾಡ್ತೀನಿ."

ಅವನಲ್ಲಿ ಹೆಸರಿರಲಿಲ್ಲ. ಸಿಸ್ಟರ್ ಕ್ಯಾಮೆರಾದ ಕಡೆ ತಿರುಗಿದರು. ಆಮೇಲೆ ಅಂದರು, "ನಂಗೂ ಭಯ ಇದೆ. ಇಲ್ಲ ಅಂತ ಹೇಳಲ್ಲ. ಹತ್ತು ಗಂಟೆ ಆಗೋ ತನಕ ನಾನು ಇಲ್ಲೇ ಕೂತಿರ್ತೀನಿ, ಮಹಡಿ ಮೇಲೆ. ಬಂದ್ರೆ ನಂಗೂ ಬರುತ್ತೆ. ನೀವು ಬಯಲಲ್ಲಿರಿ, ರೋಡಲ್ಲಿ ಓಡ್ಬೇಡಿ, ಮಕ್ಕಳು ಗಾಡಿ ಕೆಳಗೆ ಸಿಗ್ತಾವೆ. ಈಗ ಹೇಳು, ನಿಮ್ಮನೇಲಿ ಏನು ತಿಂಡಿ ಮಾಡಿದ್ರು?"

ಅವನಿಗೆ ಅರ್ಥವಾಗಲಿಲ್ಲ. "ಏನು?"

"ತಿಂಡಿ. ಬೆಳಿಗ್ಗೆ ಏನು ಮಾಡಿದ್ರು?"

"ಉಪ್ಪಿಟ್ಟು..."

"ತಿಂದ್ರಾ?"

"ಇಲ್ಲ. ಒಲೆ ಮೇಲೇ ಇದೆ."

"ಒಲೆ ಆರಿಸಿದ್ರಾ?"

ಫೋನಿನಲ್ಲಿ ಅವನು ದೂರದಲ್ಲಿ ಹೆಂಡತಿಯನ್ನು ಕೂಗಿದ್ದು ಕೇಳಿತು. ಹೋಟೆಲ್ಲಿನಲ್ಲಿ ಯಾರೋ ನಕ್ಕರು. ಆ ಬೆಳಿಗ್ಗೆ ನಾನು ಕೇಳಿದ ಮೊದಲ ನಗು ಅದು. ಆಮೇಲೆ ಫೋನ್ ಮಾಡಿದ ಒಬ್ಬೊಬ್ಬರನ್ನೂ ಅವರು ಅದನ್ನೇ ಕೇಳಿದರು. ಒಬ್ಬರದು ಇಡ್ಲಿ ಕುಕ್ಕರಿನಲ್ಲೇ, ಒಬ್ಬರದು ರಾತ್ರಿಯ ಮುದ್ದೆ. "ಬಯಲಿಗೆ ತಗೊಂಡು ಹೋಗಿ, ಮಕ್ಕಳಿಗೆ ಮೊದಲು ಕೊಡಿ" ಅನ್ನುತ್ತಿದ್ದರು. ಬಸ್ಸಿಗೆ ಜೋತುಬಿದ್ದಿದ್ದವರಲ್ಲಿ ಕೆಲವರು ಇಳಿದದ್ದನ್ನು ನಾನು ಕಣ್ಣಾರೆ ನೋಡಿದೆ.

ಅಷ್ಟರಲ್ಲಿ ಅವರು ನೀರು ಕುಡಿಯಲು ಲೋಟ ಎತ್ತಿದರು. ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತು. ಲೋಟವನ್ನು ಮೇಜಿನ ಮೇಲಿಡಲು ಮೂರು ಸಲ ನೋಡಿದರು, ಇಡಲಾಗಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಮಾತು ಮುಂದುವರಿಸಿದರು. ಹೋಟೆಲ್ಲಿನವರು ಅದನ್ನು ಗಮನಿಸಿದರೋ ಇಲ್ಲವೋ. ನಾನು ಎರಡು ವರ್ಷ ಆ ಕೈಯ ಪಕ್ಕದಲ್ಲಿ ಕೂತವಳು.

ಬಸ್ಸು ಹೊರಟಿತು. ನಾನು ಹತ್ತಲಿಲ್ಲ. ಮಗಳನ್ನು ಕರೆದುಕೊಂಡು ಪಾತ್ರೆ ಅಂಗಡಿಯ ಮುಂದೆ ಬಂದೆ. ಅಲ್ಲಿ ಬೀದಿಯ ನಟ್ಟನಡುವೆ ಓನರಣ್ಣ ನಿಂತು ಮೇಲಿನ ಕಿಟಕಿಗೆ ಕೈ ಬೀಸುತ್ತಿದ್ದ. "ಇಳೀರಿ ಅಂದ್ರೆ ಇಳೀತಾ ಇಲ್ಲ ಕಣಮ್ಮ. ನಾನು ಎಷ್ಟು ಕೇಳ್ಕೊಂಡೆ. ನನ್ ಕೈಲಿ ಮೇಲೆ ಓಗಕಾಗಲ್ಲ, ನಂಗೆ ಎಂಡ್ರು ಮಕ್ಳವ್ರೆ" ಎಂದು ಅಳುವ ಹಾಗೆ ಹೇಳಿದ. ಮಗಳನ್ನು ಅವನ ಕೈಗೆ ಕೊಟ್ಟೆ. ಅವಳು ನನ್ನ ಸೆರಗು ಬಿಡಲಿಲ್ಲ, ಬಿಡಿಸಿಕೊಂಡೆ. ಆ ಮೆಟ್ಟಿಲು ಎಷ್ಟಿದ್ದವೋ ಎಣಿಸಿದವಳಲ್ಲ, ಒಂದೊಂದು ಹತ್ತುವಾಗಲೂ ಗೋಡೆ ಮುಟ್ಟಿ ನೋಡಿಕೊಂಡು ಹತ್ತಿದೆ.

ನಾನು ಪಕ್ಕದಲ್ಲಿ ಕೂತಾಗ ಅವರು ತಲೆ ತಿರುಗಿಸಲಿಲ್ಲ. ಮಾತೂ ನಿಲ್ಲಿಸಲಿಲ್ಲ. ಮೇಜಿನ ಕೆಳಗೆ ನನ್ನ ಮಂಡಿ ಹಿಡಿದುಕೊಂಡರು. ಅದು ತಟ್ಟುವುದಾಗಿರಲಿಲ್ಲ, ಉಗುರು ಸೀರೆಯನ್ನು ದಾಟಿ ಚರ್ಮಕ್ಕೆ ಇಳಿಯುವ ಹಾಗೆ ಹಿಡಿದಿದ್ದರು. ಒಂಬತ್ತು ದಾಟಿತ್ತು. ನಾನು ಕನ್ನಡದಲ್ಲಿ ಹೇಳಿದೆ, ಅವರು ತಮಿಳು, ತೆಲುಗಿನಲ್ಲಿ. ಒಂಬತ್ತೂವರೆ ಆದಮೇಲೆ ಫೋನುಗಳು ಕಡಿಮೆಯಾದವು. ಒಂಬತ್ತು ಮುಕ್ಕಾಲಿಗೆ ನಿಂತೇ ಹೋದವು. ಊರು ಉಸಿರು ಹಿಡಿದು ಗಡಿಯಾರ ನೋಡುತ್ತಿತ್ತು ಅಂತ ಕಾಣುತ್ತದೆ. ಎದುರು ಗೋಡೆಯ ಗಡಿಯಾರವನ್ನು ನಾವೂ ನೋಡುತ್ತಿದ್ದೆವು. ಹತ್ತಕ್ಕೆ ಐದು ನಿಮಿಷ ಇರುವಾಗ ಸಿಸ್ಟರ್, ಏನೂ ತೋಚದೆ, ರವೆ ಹುರಿಯುವುದು ಹೇಗೆ ಎಂದು ಹೇಳತೊಡಗಿದರು. ಸಣ್ಣ ಉರಿ, ಕೈ ಬಿಡದೆ ತಿರುವಬೇಕು, ಬಣ್ಣ ಬದಲಾಗಬಾರದು... ಹೇಳುತ್ತಲೇ ಇದ್ದರು. ಹತ್ತಾಯಿತು. ಹತ್ತು ದಾಟಿ ಒಂದು ನಿಮಿಷ. ಎರಡು. ಕೆಳಗೆ ಒಂದು ಪಾತ್ರೆಯೂ ಅಲುಗಲಿಲ್ಲ.

ಹತ್ತೂ ಹತ್ತಕ್ಕೆ, "ತಿಂಡಿ ತಿನ್ನಿ. ನಮಸ್ಕಾರ" ಎಂದರು ಸಿಸ್ಟರ್. ನಾನೇ ಎದ್ದು ಕ್ಯಾಮೆರಾ ಆರಿಸಿದೆ, ದೀಪ ಆರಿಸಿದೆ. ಬೀದಿಯಲ್ಲಿ ಜನ ಕೂಗುತ್ತಿದ್ದರು, ಅದು ಸಂತೋಷದ ಕೂಗು. ಮೇಲೆ ಬರುತ್ತಿದ್ದರು.

"ಬಾಗಿಲು ಹಾಕು" ಅಂದರು. ಹಾಕಿದೆ. ಅವರು ಏಳಲಿಲ್ಲ. ಹತ್ತಿರ ಹೋದಾಗ ಗೊತ್ತಾಯಿತು. ಸೀರೆ ಹಿಂದಿನಿಂದ ಪಾದದವರೆಗೂ ನೆನೆದಿತ್ತು, ಕುರ್ಚಿಯ ಕೆಳಗೆ ನೆಲವೂ ಒದ್ದೆಯಾಗಿತ್ತು. ಚೆಲ್ಲಿದ ಲೋಟದ ನೀರು ಅಷ್ಟು ಇರಲಿಲ್ಲ. ಅವರು ಎದುರು ಗೋಡೆ ನೋಡುತ್ತ ಕೂತಿದ್ದರು. ಹಿಂದೆ ಕಟ್ಟಿದ್ದ ನೀಲಿ ಪರದೆ ಬಿಚ್ಚಿ ಅವರ ಸೊಂಟಕ್ಕೆ ಸುತ್ತಿ, ಎರಡೂ ತೋಳಿನಲ್ಲಿ ಎಬ್ಬಿಸಿದೆ. ಮಗುವಿನಷ್ಟು ಹಗುರ ಇದ್ದರು. ಬಾಗಿಲು ತೆರೆದಾಗ ಮೆಟ್ಟಿಲ ತುಂಬ ಜನ. ಸಿಸ್ಟರಿಗೆ ಚಳಿ ಜ್ವರ ಬಂದಿದೆ, ದಾರಿ ಬಿಡಿ ಅಂದೆ. ಎಲ್ಲರೂ ಕೈ ಮುಗಿದು ದಾರಿ ಬಿಟ್ಟರು.

ಆ ದಿನ ಒಂದಿಷ್ಟು ಗೋಡೆ ಬಿರುಕು ಬಿಟ್ಟಿದ್ದವು, ಕೆಲವರಿಗೆ ಗಾಯ. ಜೀವ ಹೋಗಿರಲಿಲ್ಲ. ಮಾರನೇ ಬೆಳಿಗ್ಗೆ ಪಾತ್ರೆ ಅಂಗಡಿಯ ಮುಂದೆ ಹೂವು, ಬಾಳೆಹಣ್ಣು ಹಿಡಿದು ಜನ ನಿಂತಿದ್ದರು. ಸಿಸ್ಟರ್ ಆರು ಗಂಟೆಗೆ ಎಂದಿನಂತೆ ಬಂದರು. ಯಾರೋ ಹಾರ ಹಾಕಿದರು. ಅವರು ಮೆಟ್ಟಿಲು ಹತ್ತತೊಡಗಿದರು, ಅರ್ಧಕ್ಕೆ ನಿಂತರು, ಹಾರ ತೆಗೆದು ಕಟಕಟೆಗೆ ನೇತುಹಾಕಿ ಇಳಿದು ಹೋದರು. ಮತ್ತೆ ಬರಲಿಲ್ಲ. ಮನೆಗೆ ಹೋಗಿ ಕರೆದೆ, ಓನರಣ್ಣನೂ ಹೋಗಿ ಕರೆದ. ಕಾಫಿ ಕೊಟ್ಟು ಕಳಿಸಿದರು. ಕೆಲವು ದಿನಕ್ಕೆ ಮನೆ ಬಿಟ್ಟು ಬಂಗಾರಪೇಟೆಯ ತಂಗಿಯ ಮನೆಗೆ ಹೊರಟುಹೋದರು.

ಮೂರು ನಾಲ್ಕು ವರ್ಷ ನಾನೊಬ್ಬಳೇ ಓದಿದೆ. ಆಮೇಲೆ ಮನೆಮನೆಗೆ ಸೆಟ್‌ಟಾಪ್ ಬಾಕ್ಸ್ ಬಂತು, ನೂರಾರು ಚಾನೆಲ್ ಬಂದವು, ಅದರಲ್ಲಿ ನಮಗೆ ಜಾಗ ಸಿಗಲಿಲ್ಲ. ಓನರಣ್ಣ ವೈರು ಸುತ್ತಿ ಮಾರಿದ. ಈಗ ನೀರು ಬರುವುದು, ಸತ್ತವರ ಹೆಸರು, ಎಲ್ಲ ಮೊಬೈಲಿನಲ್ಲಿ. ಯಾರು ಹೇಳಿದ್ದು ಎಂದು ಯಾರೂ ಕೇಳುವುದಿಲ್ಲ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಆರೇಳು ವರ್ಷದ ಹಿಂದೆ. ತಂಗಿಯ ಮನೆ ರೈಲು ಹಳಿಯ ಪಕ್ಕದಲ್ಲೇ. ಗಾಡಿ ಹೋದರೆ ಗೋಡೆಯ ಮೊಳೆ ಕೂಡ ನಡುಗುತ್ತಿತ್ತು. ಇಲ್ಲಿ ಹೇಗೆ ಇರ್ತೀರಿ ಎಂದು ಕೇಳಿದ್ದಕ್ಕೆ, "ಇಲ್ಲಿ ಅಲುಗಾಡೋದಕ್ಕೆ ಟೈಮ್ ಟೇಬಲ್ ಇದೆ ಕಣ್ಣು" ಎಂದು ನಕ್ಕರು. ತುಂಬಾ ಬಡವಾಗಿದ್ದರು. ಎಷ್ಟೋ ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಅಂದು ಹೇಳಿದೆ.

"ಅವತ್ತು ನಿಮ್ಮನ್ನ ಬಿಟ್ಟು ಓಡಿದೆ, ಸಿಸ್ಟರ್. ನೀವು ಕೂತ್ರಿ, ನಾನು ಓಡಿದೆ."

"ನಾನೂ ಓಡೋಣ ಅಂತಾನೇ ಏಳೋಕೆ ಹೋದೆ. ಕಾಲು ಬರ್ಲಿಲ್ಲ. ಸೊಂಟದಿಂದ ಕೆಳಗೆ ಏನೂ ಇಲ್ಲ ಅನ್ನೋ ಹಂಗಾಯ್ತು. ಬಾಯಿ ಒಂದು ಇತ್ತು. ಅದನ್ನ ನಿಲ್ಲಿಸಿದ್ರೆ ಕಿರುಚ್ತೀನಿ ಅಂತ ಗೊತ್ತಿತ್ತು, ಅದಕ್ಕೆ ಮಾತಾಡ್ತಾ ಇದ್ದೆ. ಜನ ಧೈರ್ಯ ಅಂದ್ಕೊಂಡ್ರು. ಹಾರ ಹಾಕಿದ್ರಲ್ಲಾ, ಆಗ ನಾಚಿಕೆಯಾಗೋಯ್ತು ನಂಗೆ. ಹೇಗೆ ಮತ್ತೆ ಹತ್ತಲಿ?"

"ನನ್ನ ಮಗಳನ್ನ ಹೆಸರು ಹಿಡಿದು ಆಚೆ ಕಳಿಸಿದ್ರಿ."

"ಕಳಿಸಿದ್ನಾ?" ಅಂದರು. ನಿಜವಾಗಿ ಕೇಳುತ್ತಿದ್ದರು. "ಏನೇನು ಮಾತಾಡಿದೆ, ಒಂದೂ ನೆನಪಿಲ್ಲ ಕಣ್ಣು."

ಗಾಡಿಯೊಂದು ಹೋಯಿತು. ಹೊರಡುವಾಗ, ಬೇಗ ಬರ್ತೀನಿ ಅಂದೆ. ಮಗಳ ಮದುವೆ, ಗಂಡನ ಆಪರೇಷನ್ನು, ಅದು ಇದು... ಹೋಗಲಿಲ್ಲ.

ಹೋದ ತಿಂಗಳು ಸ್ಟುಡಿಯೊದಿಂದ ಬ್ಯಾಂಕಿಗೆ ವಾಪಸು ಹೋಗದೆ ನೇರ ಹಳಿಯ ಪಕ್ಕದ ಆ ಮನೆಗೆ ನಡೆದೆ. ತಂಗಿ ಬಾಗಿಲು ತೆರೆದರು. ನನ್ನನ್ನು ಗುರುತು ಹಿಡಿದ ಕೂಡಲೇ ಅವರ ಮುಖ ನೋಡಿ ಗೊತ್ತಾಯಿತು. ಆಡಿ ತಿಂಗಳಲ್ಲಿ, ನಮ್ಮ ಆಷಾಢದ ಹೊತ್ತಿಗೆ, ಹೋದರಂತೆ. ಐದು ತಿಂಗಳಾಗಿತ್ತು. ಯಾರೋ ಮೊಬೈಲಿನಲ್ಲಿ ಹಾಕಿದ್ದರಂತೆ, ನನಗೆ ಬಂದಿರಲಿಲ್ಲ.

"ಕಷ್ಟ ಪಟ್ರಾ?" ಎಂದು ಕೇಳಿದೆ.

"ನೋವು ಇರ್ಲಿಲ್ಲ. ಭಯ ಪಟ್ಳು" ಅಂದರು ತಂಗಿ. "ಕೊನೇ ಮೂರು ದಿನ ನನ್ನ ಕೈ ಬಿಡ್ಲಿಲ್ಲ. ಸುಮ್ಮನೆ ಕೂರ್ಬೇಡ, ಮಾತಾಡು, ಮಾತಾಡು ಅಂತಿದ್ಳು. ಏನು ಮಾತಾಡ್ಲಿ ಅಕ್ಕಾ ಅಂದ್ರೆ, ಏನಾದ್ರೂ ಅಂತಿದ್ಳು. ನಂಗೆ ಎಷ್ಟು ಬರುತ್ತೆ ಮಾತು? ಅರ್ಧ ಗಂಟೆ ಮಾತಾಡ್ತಿದ್ದೆ, ಆಮೇಲೆ ಮುಗಿದು ಹೋಗ್ತಿತ್ತು."

ಆ ಮೂರು ದಿನ ನಾನು ರಾಬರ್ಟ್‌ಸನ್‌ಪೇಟೆಯಲ್ಲಿ, ಅರ್ಧ ಗಂಟೆಯ ಬಸ್ಸಿನ ದೂರದಲ್ಲಿ, ನನ್ನ ಮನೆಯಲ್ಲಿಯೇ ಇದ್ದೆ. ಯಾವ ಕೆಲಸವೂ ಇರಲಿಲ್ಲ.